ಒಂದು ಗುಂಡಿ ಬಿಟ್ಟು ತೊಟ್ಟ ಶರ್ಟು

ಆ ಶರ್ಟಿಗೆ ಸಾವಿರದ ಆರುನೂರು ರೂಪಾಯಿ ಕೊಟ್ಟೆವು. ಚೀಟಿಯ ಮೇಲೆ ಅಚ್ಚಾಗಿದ್ದದ್ದೂ ಅದೇ. ಒಂದು ರೂಪಾಯಿ ಇಳಿಯಲಿಲ್ಲ. ನನ್ನನ್ನು ಬಲ್ಲವರು ಇದನ್ನು ಸುಲಭಕ್ಕೆ ನಂಬುವುದಿಲ್ಲ. ಶ್ರೀನಿವಾಸಪುರದ ಸುತ್ತಮುತ್ತ ಮಾವಿನ ತೋಟಗಳನ್ನು ಹೂವಿನಲ್ಲೇ ನೋಡಿ ಫಸಲು ಗುತ್ತಿಗೆ ಹಿಡಿಯುವುದು ನನ್ನ ಕಸುಬು. ಕೊತ್ತಂಬರಿ ಕಟ್ಟನ್ನೂ ಚೌಕಾಸಿ ಮಾಡದೆ ಚೀಲಕ್ಕೆ ಹಾಕಿದವನಲ್ಲ. ಆದರೂ ಕೊಟ್ಟೆ. ಯಾಕೆಂದರೆ ಆ ಬೆಲೆಯೊಳಗೆ ಒಳ್ಳೆಯ ಕಾಟನ್ ಬಟ್ಟೆ ಇತ್ತು, ಒತ್ತಾದ ಹೊಲಿಗೆ ಇತ್ತು, ಅಂಗಡಿಯವರ ಖರ್ಚಿನಲ್ಲೇ ಭುಜ ಸರಿಮಾಡಿಸಿಕೊಡುವ ಮಾತು ಇತ್ತು. ಅದಕ್ಕಿಂತ ಮುಖ್ಯವಾಗಿ, ಅಗ್ಗದ ಇನ್ನೊಂದು ಶರ್ಟು ಆಗಲೇ ಅರಿಶಿನ ಬಳಿಸಿಕೊಂಡು ಮನೆಯಲ್ಲಿ ಕೂತಿತ್ತು. ಅಗ್ಗದ್ದನ್ನು ಒಮ್ಮೆ ಕೊಂಡು ನೋಡಿಯಾಗಿತ್ತು. ಇನ್ನೊಮ್ಮೆ ಕೊಳ್ಳಲು ಹೊತ್ತಿರಲಿಲ್ಲ.

ಶರ್ಟು ನನಗಲ್ಲ, ನನ್ನ ಹೆಂಡತಿಯ ತಮ್ಮನಿಗೆ. ರಾಯಲ್ಪಾಡಿನವನು. ಮುಳಬಾಗಿಲು ಕಡೆಯ ಟೊಮೇಟೊ ಮಂಡಿಯಲ್ಲಿ ವರ್ಷಗಟ್ಟಲೆ ಕ್ರೇಟು ಹೊತ್ತವನು. ಯಾವಾಗಲೂ ಬಲ ಹೆಗಲಿನ ಮೇಲೇ ಹೊತ್ತು ಆ ಕಡೆಯ ಭುಜ ತಗ್ಗಿಹೋಗಿದೆ. ಕತ್ತು ದಪ್ಪ, ಎದೆ ಅಗಲ, ಹೊಟ್ಟೆ ಎನ್ನುವುದು ಇಲ್ಲವೇ ಇಲ್ಲ. ಬನಿಯನ್ನಿನಲ್ಲಿ ನಿಂತರೆ ನೋಡಲು ಲಕ್ಷಣವಾದ ಆಳು. ಶರ್ಟು ತೊಟ್ಟರೆ ಯಾರದ್ದೋ ತೊಟ್ಟ ಹಾಗೆ ಕಾಣುತ್ತಾನೆ. ಮಂಡಿ ಬಿಟ್ಟು ಮಾಲೂರಿನ ಒಂದು ಕಾರ್ಖಾನೆಯಲ್ಲಿ ಲೋಡಿಂಗಿಗೆ ಸೇರಿಕೊಂಡ, ಕಾಂಟ್ರಾಕ್ಟಿನ ಮೇಲೆ. ಯಾವ ಲಾರಿಗೆ ಯಾವ ಮಾಲು ಮೊದಲು ಏರಬೇಕು, ಯಾವ ಡ್ರೈವರಿಗೆ ಯಾವ ಮಾತು ನಾಟುತ್ತದೆ, ಎಲ್ಲ ಗೊತ್ತು. ಪಿಯುಸಿಯೂ ಆಗಿದೆ. ಅಲ್ಲಿ ಮಾಲು ಕಳಿಸುವ ವಿಭಾಗದಲ್ಲಿ ಸೂಪರ್‌ವೈಸರ್ ಜಾಗ ಖಾಲಿಯಾದಾಗ ಅರ್ಜಿ ಹಾಕಿದ. ಕಾಯಂ ಕೆಲಸ, ಕುರ್ಚಿ, ತಿಂಗಳ ಸಂಬಳ.

ಇಂಟರ್‌ವ್ಯೂ ದಿನ ತೊಳೆದ ಹಳೆಯ ಶರ್ಟು ತೊಟ್ಟು ಹೊರಗಿನ ಕೋಣೆಯಲ್ಲಿ ಕೂತಿದ್ದನಂತೆ. ಹೆಡ್ಡಾಫೀಸಿನಿಂದ ಬಂದಿದ್ದ ಅಧಿಕಾರಿಯೊಬ್ಬರು ಬಾಗಿಲಿನಿಂದ ತಲೆ ಹೊರಗೆ ಹಾಕಿ, ಅಷ್ಟು ಜನರಲ್ಲಿ ಇವನನ್ನೇ ನೋಡಿ, "ಏನಪ್ಪಾ, ಈ ಟೇಬಲ್ ಸ್ವಲ್ಪ ಕಿಟಕಿ ಕಡೆಗೆ ಇಡು ಬಾ" ಎಂದರಂತೆ. ಇವನು ಎದ್ದು ಹೋಗಿ ಇಟ್ಟ. ಸ್ವಲ್ಪ ಹೊತ್ತಿಗೆ ಹೆಸರು ಕರೆದರು. ಅದೇ ಟೇಬಲ್ಲಿನ ಮುಂದೆ ಹೋಗಿ ನಿಂತ. ಅವರಿಗೂ ಮುಜುಗರ, ಇವನಿಗೂ ಮುಜುಗರ. ಏನೋ ಒಂದೆರಡು ಕೇಳಿ ಕಳಿಸಿದರು. ಕೆಲಸ ಇನ್ನೊಬ್ಬರಿಗೆ ಹೋಯಿತು.

"ನಾನೂ ಇಂಟರ್‌ವ್ಯೂಗೇ ಬಂದಿರೋದು ಅನ್ನೋದಕ್ಕೆ ಏನಾಗಿತ್ತೋ ನಿಂಗೆ?" ಎಂದು ಬೈದೆ.

"ಅನ್ಬೌದಾಗಿತ್ತು ಬಾವ. ಟೇಬಲ್ಲು ಕಿಟಕಿ ತಾವ್ಕೆ ಹೋದ್ಮೇಲೇ ನಾನ್ ಎದ್ದಿದೀನಿ ಅಂತ ಗೊತ್ತಾಗಿದ್ದು."

ಆ ಇನ್ನೊಬ್ಬರು ವರ್ಷದೊಳಗೇ ಕೆಲಸ ಬಿಟ್ಟರು. ಜಾಗ ಮತ್ತೆ ಖಾಲಿಯಾಯಿತು. ಇವನನ್ನು ಮತ್ತೆ ಕರೆದರು, ಸೋಮವಾರ ಬೆಳಿಗ್ಗೆ ಬರಬೇಕು ಎಂದು. ಈ ಸಲವೂ ಆಗದಿದ್ದರೆ ಮತ್ತೆ ಅರ್ಜಿ ಹಾಕುವುದಿಲ್ಲ, ಮಂಡಿಗೇ ವಾಪಸ್ ಹೋಗುತ್ತೇನೆ ಎಂದು ಅಕ್ಕನ ಹತ್ತಿರ ಹೇಳಿದ್ದನಂತೆ. ಇಷ್ಟು ಹೇಳಿ, ಮಾಲೂರಿನಲ್ಲಿ ತಾನೇ ಒಂದು ಹೊಸ ಶರ್ಟು ಕೊಂಡುಕೊಂಡ.

ಇಲ್ಲಿ ಆ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಹೊಸ ಬಟ್ಟೆ ಅಂಗಡಿಯಿಂದ ನೇರ ಮೈಗೆ ಬರುವ ಹಾಗಿಲ್ಲ. ಮೊದಲು ಮೂಲೆಗೆ ಅರಿಶಿನ ಹಚ್ಚಬೇಕು, ದೇವರ ಮುಂದೆ ಇಡಬೇಕು, ಆಮೇಲೆ ತೊಡಬೇಕು. ಅರಿಶಿನ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಆದರೆ ಅಂಗಡಿಯಲ್ಲಿ ತೊಟ್ಟು ನೋಡುವುದಕ್ಕೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ನಮ್ಮತ್ತೆ ಅದನ್ನೂ ಒಪ್ಪುವುದಿಲ್ಲ. ಹಾಗಾಗಿ ಆ ಮನೆಯವರು ಇವತ್ತಿಗೂ ಶರ್ಟನ್ನು ಬೆನ್ನಿಗೆ ಹಿಡಿದು ಅಂದಾಜು ಮಾಡಿ, ಕಾಲರನ್ನು ಕತ್ತಿಗೆ ಸುತ್ತಿ ನೋಡಿ ಕೊಳ್ಳುವವರು. ಕತ್ತಿಗೆ ಸರಿಹೋದರೆ ಮುಗಿಯಿತು, ಉಳಿದದ್ದು ದೇವರಿಗೆ ಬಿಟ್ಟದ್ದು.

ಮಾವಿನ ಹೂವು ನೋಡಲು ಆ ಕಡೆ ಹೋಗಿದ್ದ ನಾನು ರಾಯಲ್ಪಾಡಿನ ಮನೆಗೆ ಹೋದಾಗ ಬಾಮೈದ ಆ ಶರ್ಟು ತೊಟ್ಟು ಹೊರಗೆ ಬಂದ. ಕಾಲರೇನೋ ಕರಾರುವಾಕ್ಕಾಗಿತ್ತು. ಕತ್ತಿಗೆ ಹೊಂದಿಸಿದ ಅಳತೆಯಾದ್ದರಿಂದ ಕೆಳಗೆ ಸೊಂಟದ ಹತ್ತಿರ ಇನ್ನೊಬ್ಬ ತೂರಬಹುದಾದಷ್ಟು ಬಟ್ಟೆ. ಭುಜದ ಹೊಲಿಗೆ ತೋಳಿನ ಮೇಲೆ ಜಾರಿತ್ತು. ಉದ್ದುದ್ದ ಗೆರೆಗಳ ಮಿನುಗುವ ಬಟ್ಟೆ. ಎಡಗಡೆಯ ಗೆರೆಗಳು ನೆಟ್ಟಗಿದ್ದವು, ಬಲಗಡೆಯವು ಭುಜದ ಜೊತೆ ಇಳಿದು ಓರೆಯಾಗಿದ್ದವು. ಭುಜ ತಗ್ಗಿದೆ ಎಂದು ಗೊತ್ತಿಲ್ಲದವರಿಗೂ ಗೆರೆ ಎಳೆದು ತೋರಿಸಿದ ಹಾಗಿತ್ತು.

"ಹೆಂಗೈತೆ ಬಾವ?"

"ಪಸಂದಾಗೈತೆ. ಹೆಗಲ ಮೇಲೊಂದು ಕ್ರೇಟು ಇಟ್ಬಿಟ್ರೆ ಕರೆಕ್ಟಾಗಿ ಕೂರ್ತೈತೆ."

ಅವನು ನಗಲಿಲ್ಲ. ಅತ್ತೆ ಒಳಗಿಂದ ಬಂದವರು, "ಇದೇಂದಿರಾ ನಾಯನಾ!" ಎಂದು ಮಗನನ್ನು ನೋಡಿ, ಇದೇನೋ ಮಗನೇ ಎಂಬಂತೆ ತೆಲುಗಿನಲ್ಲಿ ಕೂಗಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಮಗೂನ ಹಂಗೆಲ್ಲ ಅನ್ಬ್ಯಾಡಿ ಅಳಿಯೋರೇ" ಎಂದರು. ಮಗುವಿಗೆ ಮೂವತ್ತು ದಾಟಿದೆ.

ಅಂಗಡಿಗೆ ಫೋನು ಮಾಡಿಸಿದೆ. ಬದಲಾಯಿಸಿ ಕೊಡುತ್ತೀರಾ ಎಂದು ಕೇಳಿದರೆ ಆ ಕಡೆಯವನು ಬಿಲ್ಲು ಇದೆಯಾ ಎಂದು ಕೇಳಲಿಲ್ಲ. "ಅರಿಶಿಣ ಇಟ್ಬಿಟ್ಟಿದೀರಾ ಅಣ್ಣ?" ಎಂದ. ಇಟ್ಟಿದ್ದರು. ಕೆಳಗಿನ ಅಂಚಿನ ಮೂಲೆಗೆ ಇಟ್ಟಿದ್ದರೆ ಹೇಗಾದರೂ ಸಾಗಹಾಕಬಹುದಿತ್ತೇನೋ. ಇಂಟರ್‌ವ್ಯೂ ಎಂದು ವಿಶೇಷವಾಗಿ ಕಾಲರಿನ ಒಳಗೂ ಒಂದು ಬೊಟ್ಟು ಬಿದ್ದಿತ್ತು.

ಇನ್ನೊಂದು ಕೊಳ್ಳೋಣ, ಆದರೆ ತೊಟ್ಟು ನೋಡದೆ ನಾನು ಕಾಸು ಬಿಚ್ಚುವುದಿಲ್ಲ ಎಂದೆ. ಅತ್ತೆ ಕೈಯಲ್ಲಿದ್ದ ಚೊಂಬು ಕೆಳಗಿಟ್ಟು ಕೂತರು. ಅವರು ಹಾಗೆ ಕೂತರೆ ವ್ಯಾಪಾರಕ್ಕೆ ಕೂತ ಹಾಗೆ.

"ತೊಟ್ಟು ಬಿಚ್ಚಿದ್ಮೇಲೆ ಅದು ಹಳೇದಾಯ್ತಲ್ಲ. ಹಳೇದಕ್ಕೆ ಅರಿಶಿಣ ಯಾತಕ್ಕೆ?"

"ನಿಮ್ ಮಗಳು ಸೀರೆ ಅಂಗಡೀಲಿ ಹೆಗಲ ಮೇಲೆ ಹಾಕ್ಕೊಂಡು ಕನ್ನಡಿ ನೋಡಲ್ವಾ?"

"ಅದು ಹೊದ್ಕೊಳ್ಳೋದು. ಉಟ್ಕೊಳ್ಳೋದಲ್ಲ."

"ಹಂಗಾದ್ರೆ ಇವನೂ ಹೊದ್ಕೊಳ್ಳಲಿ. ತೋಳು ತೂರಿಸ್ಕೊಂಡು ಹೊದ್ಕೊಳ್ಳಲಿ."

"ಗುಂಡಿ ಹಾಕ್ಬಾರದು."

"ಗುಂಡಿ ಹಾಕದೆ ಎದೆ ಹೆಂಗೆ ಕೂರ್ತೈತೆ ಅಂತ ನೋಡೋದು?"

"ಮ್ಯಾಗಿಂದು ಒಂದು ಹಾಕ್ಲಿ."

"ಎಲ್ಲಾ ಹಾಕ್ತಾನೆ. ಒಂದು ಬಿಡ್ತಾನೆ. ಒಂದು ಬಾಕಿ ಇದ್ರೆ ಪೂರ್ತಿ ತೊಟ್ಟಂಗೆ ಆಗಲ್ವಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ತೋಟದವರು ನನ್ನ ಮಾತಿನಲ್ಲಿ ಮೋಸ ಎಲ್ಲಿದೆ ಎಂದು ಹುಡುಕುವಾಗಲೂ ಹೀಗೇ ನೋಡುತ್ತಾರೆ.

"ಯಾವ್ದು ಬಿಡ್ತಾನೆ?"

"ನೀವೇ ಹೇಳಿ."

"ಎಡಗೈ ಪಟ್ಟೀದು," ಎಂದರು. "ನಾನೂ ಬರ್ತೀನಿ. ನಿಮ್ಮಿಬ್ರನ್ನೇ ಬಿಟ್ರೆ ಅದ್ನೂ ಹಾಕಿಸ್ಬಿಡ್ತೀರಾ."

ಭಾನುವಾರ ಮೂವರೂ ಕೋಲಾರಕ್ಕೆ ಹೋದೆವು. ಫಿಕ್ಸೆಡ್ ರೇಟ್ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದ ಅಂಗಡಿ. ಅಂಥ ಅಂಗಡಿಯೇ ಇರಲಿ ಎಂದು ಬೇಕೆಂದೇ ಆರಿಸಿದೆ. ಅಲ್ಲಿ ತೊಟ್ಟು ನೋಡಲು ಕೋಣೆ ಇರುತ್ತದೆ, ಕನ್ನಡಿ ಇರುತ್ತದೆ, ಎಷ್ಟು ಹೊತ್ತು ನಿಂತರೂ ಯಾರೂ ಮುಖ ಗಂಟು ಹಾಕುವುದಿಲ್ಲ.

ಬಾಮೈದನ ಕೈ ನೇರ ಬಿಳಿ ಶರ್ಟುಗಳ ಕಡೆಗೆ ಹೋಯಿತು.

"ಲೇ, ಬಿಡೋ ಅದನ್ನ. ಮಾಲೂರಲ್ಲಿ ಬಿಳೀದು ಹಾಕ್ಕೊಂಡು ನಿಂತ್ರೆ ಬ್ರೋಕರ್ ಅಂದ್ಕೊಂಡು ಸೈಟು ತೋರ್ಸು ಅಂತಾರೆ."

"ಕಪ್ಪು?"

"ಮದ್ವೇಲಿ ಫೋಟೋ ತೆಗೆಯೋನು ಅಂತಾರೆ."

ಬಟ್ಟೆ ತೋರಿಸುತ್ತಿದ್ದವನು ಮುಸಿಮುಸಿ ನಕ್ಕ. ಅವನು ನಕ್ಕದ್ದು ಒಳ್ಳೆಯದಾಯಿತು. ಅಂಗಡಿಯವನು ಒಮ್ಮೆ ನಕ್ಕರೆ ಕೆಳಗಿನ ಕಪಾಟಿನದ್ದೂ ತೆಗೆದು ತೋರಿಸುತ್ತಾನೆ.

ತಿಳಿ ನೀಲಿಯ ಒಂದು ಶರ್ಟು ಹೊರಗೆ ಬಂತು. ಗೆರೆ ಇಲ್ಲ, ಚೌಕಳಿ ಇಲ್ಲ, ಹೊಳಪಿಲ್ಲ. ನಾನು ಅದನ್ನು ಮೊದಲು ತಿರುವಿ ಹಾಕಿದೆ. ತೋಟ ನೋಡುವಾಗ ರಸ್ತೆಯ ಪಕ್ಕದ ಸಾಲನ್ನು ನಾನು ನೋಡುವುದಿಲ್ಲ. ಮಾಲೀಕ ಅದನ್ನು ತೋರಿಸಲೆಂದೇ ಬೆಳೆಸಿರುತ್ತಾನೆ. ಒಳಗೆ ಹೋಗಿ ನಡುವಿನ ಗಿಡಗಳ ಎಲೆಯ ಹಿಂಭಾಗ ನೋಡುತ್ತೇನೆ. ಶರ್ಟಿನದ್ದೂ ಅಷ್ಟೇ. ಒಳಗಡೆ ಪಕ್ಕದ ಹೊಲಿಗೆಗಳನ್ನು ಮಡಿಚಿ ಮುಚ್ಚಿದ್ದರು. ಬಿಚ್ಚಿದ ನೂಲಿನ ಗಡ್ಡ ಎಲ್ಲೂ ಇರಲಿಲ್ಲ. ಗುಂಡಿಗಳ ಬುಡಕ್ಕೆ ದಾರ ಸುತ್ತಿ ಕಟ್ಟಿದ್ದರು. ಗುಂಡಿ ತೂರಿಸುವ ಕಾಜಾಗಳ ಅಂಚು ಒತ್ತಾಗಿತ್ತು. ಕಾಲರನ್ನು ಹಿಂಡಿ ಬಿಟ್ಟೆ, ಗುಳ್ಳೆ ಏಳಲಿಲ್ಲ, ಸುಮ್ಮನೆ ತನ್ನ ಜಾಗಕ್ಕೆ ಬಂತು. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದು ಬಿಟ್ಟಾಗ ನೆರಿಗೆ ಬಿತ್ತು, ಆದರೆ ಹಳೆಯ ಕಾಗದದಂತೆ ಮುದುಡಲಿಲ್ಲ.

ಬಾಮೈದ ಕೋಣೆಯ ಒಳಗೆ ಹೋದ. ಅತ್ತೆ ಬಾಗಿಲ ಹೊರಗೆ ಕಾವಲು ನಿಂತರು.

"ಎಡಗೈ ಬಿಟ್ಟಿದೀಯೇನೋ?"

"ಬಿಟ್ಟಿದೀನಮ್ಮಾ."

"ಕೈ ಆಚೆ ಹಾಕು."

ಬಾಗಿಲ ಸಂದಿಯಿಂದ ಒಂದು ಎಡಗೈ ಹೊರಗೆ ಬಂತು, ಪಟ್ಟಿ ಜೋತಾಡುತ್ತಿತ್ತು. ಅತ್ತೆಗೆ ಸಮಾಧಾನವಾಯಿತು. ಪಕ್ಕದಲ್ಲಿ ಪ್ಯಾಂಟು ನೋಡುತ್ತಿದ್ದ ಗಂಡ ಹೆಂಡತಿ ಇದೇನು ಎಂದು ಅರ್ಥವಾಗದೆ ನಮ್ಮನ್ನೇ ನೋಡುತ್ತಿದ್ದರು.

ಹೊರಗೆ ಬಂದವನನ್ನು ನಾನು ಭುಜದಿಂದ ನೋಡುತ್ತಾ ಬಂದೆ. ಭುಜದ ಹೊಲಿಗೆ ಮೂಳೆಯ ತುದಿಯ ಮೇಲೆಯೇ ಇತ್ತು. ಬೆನ್ನಿಗೆ ಎರಡು ಕಡೆ ಬಟ್ಟೆ ಒಳಕ್ಕೆ ಹಿಡಿದು ಹೊಲಿದಿದ್ದರಿಂದ ಸೊಂಟದಲ್ಲಿ ಗೋಣಿಚೀಲವಾಗಿರಲಿಲ್ಲ. ಎದೆಯ ಗುಂಡಿಗಳ ನಡುವೆ ಬಾಯಿ ಬಿಟ್ಟಿರಲಿಲ್ಲ. ಬಲಗಡೆ ಮಾತ್ರ ಕತ್ತಿನಿಂದ ಕಂಕುಳಿಗೆ ಓರೆಯಾಗಿ ಒಂದು ಮಡಿಕೆ ಉಳಿದಿತ್ತು. ಯಾವ ರೆಡಿಮೇಡಿನಲ್ಲೂ ಅದು ಉಳಿಯುತ್ತದೆ. ಎರಡೂ ಭುಜ ಒಂದೇ ಎತ್ತರ ಎಂದುಕೊಂಡೇ ಅದನ್ನು ಹೊಲಿದಿರುತ್ತಾರೆ.

"ಇದೇ ತಗೊಳ್ತೀವಿ," ಎಂದೆ. "ಎಷ್ಟು ಕಮ್ಮಿ ಮಾಡ್ತೀರಾ?"

"ಅಣ್ಣ, ಗೋಡೆ ನೋಡಿ."

"ಗೋಡೆ ನೋಡ್ದೆ. ಬೆಲೆ ಮಾತಾಡಲ್ಲ ಬಿಡಿ. ಆ ಭುಜ ಸರಿಮಾಡಿಸ್ಕೊಡಿ."

"ತೋಳುದ್ದ ಅಂದ್ರೆ ಫ್ರೀ ಅಣ್ಣ. ಭುಜ ಆದ್ರೆ ಹೊರಗಡೆ ಟೈಲರ್‌ಗೆ ಕೊಡ್ಬೇಕು, ಚಾರ್ಜು ಬೀಳ್ತದೆ."

"ತೋಳುದ್ದ ಸರಿಯಾಗೈತಲ್ಲ. ಆ ಫ್ರೀ ನಂಗೆ ಉಳೀತು. ಅದನ್ನ ಭುಜಕ್ಕೆ ಹಾಕಿ."

ಅವನು ಗಲ್ಲಾದವರ ಹತ್ತಿರ ಹೋಗಿ ಬಂದ. ಆಗಲಿ ಎಂದ. ಟೈಲರ್ ಬಲಗಡೆಯ ಭುಜದ ಹೊಲಿಗೆ ಬಿಚ್ಚಿ, ತೋಳಿನ ಕಡೆ ಚೂರು ಬಟ್ಟೆ ಒಳಗೆ ತೆಗೆದುಕೊಂಡು ಮತ್ತೆ ಹೊಲಿದುಕೊಟ್ಟರು. ಅಷ್ಟರಲ್ಲಿ ನಾವು ದೋಸೆ ತಿಂದು ಬಂದೆವು. ಮತ್ತೆ ಎಡಗೈ ಗುಂಡಿ ಬಿಟ್ಟೇ ತೊಡಿಸಿ ನೋಡಿದರೆ ಮಡಿಕೆ ಹೋಗಿತ್ತು. ಭುಜ ಮೇಲೇರಲಿಲ್ಲ, ಭುಜ ಎಲ್ಲಿದೆಯೋ ಅಲ್ಲಿಯೇ ಇದೆ. ತಗ್ಗಿದೆ ಎಂದು ಶರ್ಟು ಹೇಳುವುದನ್ನು ನಿಲ್ಲಿಸಿತು, ಅಷ್ಟೇ.

ರಾತ್ರಿ ಎಲ್ಲರೂ ಶ್ರೀನಿವಾಸಪುರದ ನಮ್ಮ ಮನೆಯಲ್ಲೇ ಉಳಿದೆವು. ಅತ್ತೆ ಶರ್ಟಿನ ಕೆಳಗಿನ ಅಂಚಿನ ಒಳಮೂಲೆಗೆ ಸಾಸಿವೆಯಷ್ಟು ಅರಿಶಿನ ಇಟ್ಟು, ನಮ್ಮ ದೇವರ ಗೂಡಿನ ಮುಂದೆ ಇಟ್ಟರು.

ಬೆಳಿಗ್ಗೆ ಬಾಮೈದ ತೊಟ್ಟುಕೊಂಡು ನಿಂತ. ನನ್ನ ಹೆಂಡತಿ ತಮ್ಮನನ್ನು ನೋಡಿ, "ಎಲ್ಲೋ ನೋಡ್ದಂಗೈತಲ್ಲ ಇವ್ರನ್ನ" ಎಂದು ಚುಡಾಯಿಸಿದಳು. ಎಲ್ಲ ಸರಿಯಿತ್ತು, ಎಡಗೈ ಪಟ್ಟಿಯ ಗುಂಡಿ ಮಾತ್ರ ಕಾಜಾ ಮುಟ್ಟಲಿಲ್ಲ. ಆ ಕೈಯಲ್ಲಿ ದಪ್ಪ ಸ್ಟೀಲ್ ಗಡಿಯಾರ ಇತ್ತು. ನಮ್ಮ ಮದುವೆಯಲ್ಲಿ ಬಾಮೈದನಿಗೆಂದು ನಾನು ಕೊಟ್ಟದ್ದು. ದಿನಾ ಕಟ್ಟುವುದಿಲ್ಲ, ಇಂಥ ದಿನಕ್ಕೆ ಮಾತ್ರ ತೆಗೆಯುತ್ತಾನೆ. ಅಂಗಡಿಗೆ ಹೋದಾಗ ಕೈಯಲ್ಲಿ ಗಡಿಯಾರವೂ ಇರಲಿಲ್ಲ, ಆ ಗುಂಡಿಯನ್ನೂ ಹಾಕಿರಲಿಲ್ಲ.

"ಗಡಿಯಾರ ಬಿಚ್ಚಿಡೋ," ಎಂದೆ.

"ಬಾವ ಕೊಟ್ಟಿದ್ದು ಬಿಚ್ಚಿಟ್ಟು ಹೋಗ್ಬಾರದು," ಎಂದರು ಅತ್ತೆ.

"ಬಾವಾನೇ ಹೇಳ್ತಾವ್ರಲ್ಲಮ್ಮಾ."

"ಅವ್ರು ಹೇಳ್ತಾರೆ."

ಅವರು ಸೂಜಿ ದಾರ ತಂದರು. ತೊಟ್ಟಿರುವಾಗ ಹೊಲಿಯಬಾರದು ಎಂದು ಶರ್ಟು ಬಿಚ್ಚಿಸಿ, ಗುಂಡಿ ಕಿತ್ತು, ಅಂಚಿನ ಕಡೆಗೆ ಒಂದಿಷ್ಟು ಸರಿಸಿ ಹೊಲಿದು, ಹಲ್ಲಿನಿಂದ ದಾರ ಕಡಿದರು. ಬಸ್ಸಿಗೆ ಹೊತ್ತಾಗುತ್ತಿತ್ತು. ಎಡಗೈ ಎಂದು ಆರಿಸಿದ್ದು ಯಾರು ಎಂಬ ಮಾತನ್ನು ನಾನು ಎತ್ತಲಿಲ್ಲ, ವ್ಯಾಪಾರ ಮುಗಿದ ಮೇಲೆ ಬೆಲೆ ಕೆದಕಬಾರದು. ಗುಂಡಿ ಕಾಜಾಕ್ಕೆ ಬಿದ್ದಿತು. ಅವನು ಹೋದ.

ಸಂಜೆ ಬಂದು ಚಪ್ಪಲಿ ಬಿಡುತ್ತಲೇ ಹೇಳಲು ಶುರುಮಾಡಿದ. ಅದೇ ಹೊರಗಿನ ಕೋಣೆ. ಹೋದ ಸಲದ ಅಧಿಕಾರಿಯೇ. ನೀರಿನ ಕ್ಯಾನು ಖಾಲಿಯಾಗಿ, ತುಂಬಿದ ಕ್ಯಾನು ಕೆಳಗಿತ್ತು. ಅವರು ಬಾಗಿಲಿಗೆ ಬಂದು, "ಯಾರಾದ್ರೂ ಈ ಕ್ಯಾನ್ ಎತ್ತಿಡ್ರಪ್ಪ" ಎಂದು ಸುತ್ತ ನೋಡಿದರಂತೆ. ಕಣ್ಣು ಇವನ ಮೇಲೂ ಬಂತು, ನಿಲ್ಲಲಿಲ್ಲ, ಮುಂದಕ್ಕೆ ಹೋಯಿತು. ಬಾಗಿಲಲ್ಲಿದ್ದ ಸೆಕ್ಯೂರಿಟಿಯವರನ್ನೂ ಇನ್ನೊಬ್ಬರನ್ನೂ ಕರೆದರು.

"ಇಬ್ರೂ ಒದ್ದಾಡಿದ್ರು ಬಾವ. ನೀರೆಲ್ಲ ಚೆಲ್ಲಿದ್ರು. ಒಂದೇ ಕೈಲಿ ಎತ್ತಿಡ್ತಿದ್ದೆ ನಾನು."

"ಎದ್ಯಾ?"

"ಇಲ್ಲ. ಎರಡೂ ಕೈಲಿ ಮಂಡಿ ಹಿಡ್ಕೊಂಡು ಕೂತಿದ್ದೆ."

ಒಳಗೆ ಕರೆದಾಗ ಕೂತುಕೊಳ್ಳಿ ಎಂದರಂತೆ. ಲಾರಿ ತುಂಬುವುದು, ಡ್ರೈವರುಗಳು, ಮಾಲು ಒಡೆದರೆ ಯಾರನ್ನು ಕೇಳುವುದು, ಇಂಥವೇ ಪ್ರಶ್ನೆ. ಎಲ್ಲಕ್ಕೂ ಉತ್ತರ ಇವನ ಹತ್ತಿರ ಮೊದಲೇ ಇತ್ತು, ಹೋದ ಸಲವೂ ಇತ್ತು. ತಿಂಗಳೊಳಗೆ ಆರ್ಡರ್ ಬಂತು.

ಶರ್ಟಿನಿಂದ ಕೆಲಸ ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ಅರಿಶಿನದಿಂದ ಸಿಕ್ಕಿತು ಎಂದು ಅತ್ತೆ ಹೇಳುತ್ತಾರೆ, ಅವರ ಜೊತೆ ಆ ವಾದಕ್ಕೂ ನಾನು ಹೋಗುವುದಿಲ್ಲ. ಶರ್ಟು ಮಾಡಿದ್ದು ಇಷ್ಟು: ಅವನನ್ನು ಕುರ್ಚಿಯಲ್ಲಿ ಕೂರಿಸಿತು, ಎಬ್ಬಿಸಲಿಲ್ಲ. ಮೊದಲನೆಯ ಗೆರೆಗಳ ಶರ್ಟು ಈಗ ಅತ್ತೆಯದು. ಟೊಮೇಟೊ ಕೀಳುವಾಗ ಬಿಸಿಲಿಗೆ ಸೀರೆಯ ಮೇಲೆ ತೊಡುತ್ತಾರೆ. ಅವರಿಗೆ ಭುಜ ಸರಿಯಾಗಿಯೇ ಕೂತಿದೆ.

ನೀವು ಕೊಳ್ಳಲು ಹೋದರೆ ಶರ್ಟನ್ನು ಮೊದಲು ತಿರುವಿ ಹಾಕಿಸಿ, ಒಳಗಡೆ ನೋಡಿ. ಕತ್ತಿನ ನಂಬರ್ ಹೇಳಿ ಕೊಳ್ಳಬೇಡಿ. ಭುಜ ಸರಿ ಕೂತರೆ ಸೊಂಟವನ್ನು ಯಾವ ಟೈಲರಾದರೂ ಹಿಡಿದುಕೊಡುತ್ತಾರೆ, ಭುಜವೇ ದೊಡ್ಡದಾದರೆ ಅಲ್ಲಿಗೇ ಬಿಟ್ಟುಬಿಡಿ. ಒಂದು ಭುಜ ತಗ್ಗಿದ್ದರೆ ನಾಚಿಕೊಳ್ಳಬೇಡಿ, ನಮ್ಮ ಕಡೆ ಭಾರ ಹೊತ್ತವರಲ್ಲಿ ಯಾರದು ತಾನೇ ತಗ್ಗಿಲ್ಲ? ಗೆರೆ, ಚೌಕಳಿ ಬಿಟ್ಟು ಒಂದೇ ಬಣ್ಣದ್ದು ನೋಡಿ. ಗೋಡೆಯ ಮೇಲೆ ಫಿಕ್ಸೆಡ್ ರೇಟ್ ಎಂದು ಬರೆದಿರುವ ಅಂಗಡಿಯಲ್ಲಿ ಬೆಲೆಯ ತಂಟೆಗೆ ಹೋಗದೆ ಅದರ ಜೊತೆ ಏನು ಬರುತ್ತದೆ ಎಂದು ಕೇಳಿ. ಮನೆಯಲ್ಲಿ ಅರಿಶಿನ ಇಡುವವರಿದ್ದರೆ ಮೂಲೆ ಯಾವುದು ಎಂದು ಮೊದಲೇ ಮಾತಾಡಿಕೊಳ್ಳಿ, ಗುಂಡಿ ಬಿಡಲೇಬೇಕೆಂದರೆ ತೀರ ಕೆಳಗಿನದನ್ನು ಬಿಡಿ, ಅದು ಹೇಗೂ ಪ್ಯಾಂಟಿನ ಒಳಗೆ ಹೋಗುತ್ತದೆ. ಗಡಿಯಾರ ಕಟ್ಟಿಕೊಂಡೇ ಅಂಗಡಿಗೆ ಹೋಗಿ. ಮತ್ತೆ, ಕನ್ನಡಿಯ ಮುಂದೆ ಸೆಟೆದು ನಿಂತರೆ ಎಲ್ಲ ಶರ್ಟೂ ಚೆನ್ನಾಗಿಯೇ ಕಾಣುತ್ತದೆ. ಒಂದು ಕುರ್ಚಿ ಕೇಳಿ ತರಿಸಿಕೊಂಡು, ಕೂತು ನೋಡಿ.